ಬಿಸಿಲು, ಬರ, ಉಪ್ಪು ತಡೆಯಲು ಗಿಡಕ್ಕೆ ವಿಟಮಿನ್: ಯಾವಾಗ, ಎಷ್ಟು, ಹೇಗೆ?

ಬಿಸಿಲು ಏರಿದ ವಾರ ಗಿಡಗಳು ಬಾಡಿ ನಿಂತಾಗ ಅವಕ್ಕೆ ಏನಾದರೂ ಕೊಡಬೇಕು ಅನ್ನಿಸುತ್ತದೆ. ಗೊಬ್ಬರ ಕೊಟ್ಟರೆ ಇನ್ನಷ್ಟು ಸುಟ್ಟೀತು ಎಂಬ ಭಯ. ಆಗ ಎಷ್ಟೋ ಜನರ ಕಣ್ಣು ವಿಟಮಿನ್ ಕಡೆ ಹೋಗುತ್ತದೆ. ಇದರಿಂದ ನಿಜವಾಗಿ ಉಪಯೋಗ ಇದೆಯೇ? ಇದೆ, ಆದರೆ ಹೊತ್ತು ನೋಡಿ ಕೊಡಬೇಕು. ಬಿಸಿಲು, ಬರ, ಉಪ್ಪು, ಚಳಿ ಇವುಗಳ ಹೊಡೆತ ಬೀಳುವ ಮೊದಲೇ ಎಲೆಗೆ ಸೇರಿದ ವಿಟಮಿನ್ ಕೆಲಸ ಮಾಡುತ್ತದೆ. ಎಲೆ ಸುಟ್ಟ ಮೇಲೆ ಸಿಂಪಡಿಸಿದರೆ ಸತ್ತ ಜೀವಕೋಶ ಬದುಕಿ ಬರುವುದಿಲ್ಲ. ಮುಂದೆ ಹೇಳುವ ಎಲ್ಲ ಹಂತಗಳಿಗೂ ಇದೇ ಬುಡ.

ಮೊದಲು, ಎಲೆಯೊಳಗೆ ಏನಾಗುತ್ತದೆ?

ಗಿಡಗಳು ತಮಗೆ ಬೇಕಾದ ವಿಟಮಿನ್‌ಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ನಮ್ಮ ಊಟದ ಸಿ ವಿಟಮಿನ್ ಬಹುತೇಕ ಬರುವುದು ಅವುಗಳಿಂದಲೇ ಅಲ್ವಾ? ಹಾಗಾಗಿ ಚೆನ್ನಾಗಿ ಬೆಳೆಯುತ್ತಿರುವ ಗಿಡಕ್ಕೆ ಹೊರಗಿನಿಂದ ವಿಟಮಿನ್ ಕೊಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಕಷ್ಟ ಬಂದಾಗ ಲೆಕ್ಕ ಬದಲಾಗುತ್ತದೆ. ಎಲೆ ಬೆಳಕನ್ನು ಹೀರಿಕೊಂಡು ಸಕ್ಕರೆ ಮಾಡುತ್ತದೆ. ನೀರು ಕಡಿಮೆಯಾದರೆ ಎಲೆಯ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಒಳಗೆ ಬರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಆ ಹೆಚ್ಚಾದ ಶಕ್ತಿ ಆಮ್ಲಜನಕಕ್ಕೆ ತಗುಲಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಸಿಂಗ್ಲೆಟ್ ಆಕ್ಸಿಜನ್ ಎಂಬ ಉರಿಯುವ ಸ್ವಭಾವದ ಅಣುಗಳು ಹುಟ್ಟುತ್ತವೆ. ಇವು ಜೀವಕೋಶದ ಪೊರೆ, ಪ್ರೋಟೀನ್, ಹಸಿರು ಬಣ್ಣ ಎಲ್ಲವನ್ನೂ ಕೆಡಿಸುತ್ತವೆ. ಕಾರಣ ಬಿಸಿಲಿರಲಿ, ಉಪ್ಪಿರಲಿ, ಚಳಿಯಿರಲಿ, ಗಾಳಿಯ ಓಝೋನ್ ಇರಲಿ, ಒಳಗಿನ ಪೆಟ್ಟು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಬರುತ್ತದೆ.

ಇಲ್ಲಿ ಸಿ ವಿಟಮಿನ್, ಅಂದರೆ ಆಸ್ಕಾರ್ಬಿಕ್ ಆಮ್ಲ, ಮುಂದೆ ನಿಲ್ಲುತ್ತದೆ. ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಎಂಬ ಕಿಣ್ವ ಸಿ ವಿಟಮಿನ್ ಬಳಸಿ ಹೈಡ್ರೋಜನ್ ಪೆರಾಕ್ಸೈಡನ್ನು ಬರೀ ನೀರಾಗಿ ಮಾಡುತ್ತದೆ. ಖರ್ಚಾದ ಸಿ ವಿಟಮಿನ್ ಜೀವಕೋಶದಲ್ಲೇ ಇರುವ ಗ್ಲುಟಾಥಯೋನ್ ಎಂಬ ಇನ್ನೊಂದು ಅಣುವಿನ ಸಹಾಯದಿಂದ ಮತ್ತೆ ಹಳೆಯ ರೂಪಕ್ಕೆ ಬರುತ್ತದೆ. ಈ ಚಕ್ರ ತಿರುಗುತ್ತಿರುವ ತನಕ ಎಲೆ ತಡೆದುಕೊಳ್ಳುತ್ತದೆ. 1996ರಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಪ್ರಯೋಗದ ಗಿಡದಲ್ಲಿ ಒಂದು ಬಗೆಯನ್ನು ವಿಜ್ಞಾನಿಗಳು ಗುರುತಿಸಿದರು. ಅದರಲ್ಲಿ ಸಿ ವಿಟಮಿನ್ ಮಾಮೂಲಿಯ ಸುಮಾರು ಮೂರನೇ ಒಂದು ಭಾಗದಷ್ಟೇ ಇತ್ತು. ಓಝೋನ್ ತಾಗಿದರೆ ಅದರ ಎಲೆ ಬೇರೆಯವಕ್ಕಿಂತ ಬೇಗ ಸುಡುತ್ತಿತ್ತು. ಈ ವಿಟಮಿನ್ನಿನ ಕೆಲಸ ಎಷ್ಟು ದೊಡ್ಡದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಎಚ್ಚರವೂ ಬೇಕು. ಹೈಡ್ರೋಜನ್ ಪೆರಾಕ್ಸೈಡ್ ಬರೀ ಶತ್ರು ಅಲ್ಲ. ಸ್ವಲ್ಪ ಪ್ರಮಾಣದಲ್ಲಿ ಅದು ಗಿಡಕ್ಕೆ ಸುದ್ದಿ ಮುಟ್ಟಿಸುತ್ತದೆ: ಕಷ್ಟ ಬಂದಿದೆ, ತಯಾರಾಗು ಎಂದು. ಅದನ್ನು ಪೂರ್ತಿ ಅಳಿಸಿ ಹಾಕುವುದು ನಮ್ಮ ಗುರಿಯಲ್ಲ. ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಂತ 1: ಕಷ್ಟದ ಕಾರಣವನ್ನು ಮೊದಲು ಸರಿಮಾಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬೇರಿಗೆ ನೀರಿಲ್ಲದ ಗಿಡಕ್ಕೆ ವಿಟಮಿನ್ ಸಿಂಪಡಿಸುವುದು ಸುಮ್ನೆ ದುಡ್ಡು ಹಾಳು.

ಬರ ಅಥವಾ ಬಿಸಿಲಾದರೆ ಬುಡಕ್ಕೆ ಒಣ ಎಲೆ, ಹುಲ್ಲು ಹೊದಿಸಿ. ನೀರನ್ನು ಆಳಕ್ಕೆ ಇಳಿಯುವಂತೆ, ಬೆಳಗ್ಗೆ ಕೊಡಿ. ಮಧ್ಯಾಹ್ನದ ಬಿಸಿಲಿಗೆ ನೆರಳುಬಲೆ ಕಟ್ಟಿ. ಉಪ್ಪಿನ ತೊಂದರೆ ಇದ್ದರೆ ಮಣ್ಣಿನಿಂದ ನೀರು ಸರಾಗವಾಗಿ ಬಸಿಯುತ್ತದೆಯೇ ನೋಡಿ. ಬಸಿದರೆ ಮಾತ್ರ ಸಿಹಿನೀರು ಧಾರಾಳವಾಗಿ ಹರಿಸಿ ಉಪ್ಪನ್ನು ಬೇರಿನ ಕೆಳಗೆ ತಳ್ಳಬಹುದು. ಮಣ್ಣು ಪರೀಕ್ಷೆಯ ವರದಿಯಲ್ಲಿ ವಿದ್ಯುತ್ ವಾಹಕತೆ, ಅಂದರೆ ಕರಗಿದ ಉಪ್ಪಿನ ಅಳತೆ, ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದರೆ ಅದನ್ನು ಉಪ್ಪು ಮಣ್ಣು ಎಂದೇ ಲೆಕ್ಕ ಹಾಕುತ್ತಾರೆ. ಚಳಿಗೆ ಹೊದಿಕೆ ಬೇಕು. ಬೆಚ್ಚಗಿನ ಸೀಮೆಯ ಅನೇಕ ಗಿಡಗಳಿಗೆ 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಸಾಕು, ಹಿಮ ಬೀಳದಿದ್ದರೂ ಎಲೆಗೆ ಪೆಟ್ಟಾಗುತ್ತದೆ.

ಇಷ್ಟನ್ನು ಮಾಡಿದ ಮೇಲೂ ಉಳಿಯುವ ಕಷ್ಟಕ್ಕೆ ಮಾತ್ರ ವಿಟಮಿನ್.

ಹಂತ 2: ಯಾವ ವಿಟಮಿನ್ ಎಂದು ತೀರ್ಮಾನಿಸಿ

ಮೊದಲ ಸಲ ಮಾಡುವವರು ಸಿ ವಿಟಮಿನ್ ಒಂದನ್ನೇ ಹಿಡಿದುಕೊಳ್ಳಿ ಎಂಬುದು ನನ್ನ ಸಲಹೆ. ಬಿಸಿಲು, ಬರ, ಉಪ್ಪು ಮೂರರ ಮೇಲೂ ಇದನ್ನು ಬೇರೆ ಬೇರೆ ಬೆಳೆಗಳಲ್ಲಿ ತುಂಬ ಪರೀಕ್ಷಿಸಿದ್ದಾರೆ. ಬೇಗ ಸಿಗುತ್ತದೆ, ನೀರಿನಲ್ಲಿ ಸುಲಭವಾಗಿ ಕರಗುತ್ತದೆ.

ಎರಡನೆಯದು ಬಿ1, ಅಂದರೆ ಥಯಾಮಿನ್. ಜೀವಕೋಶ ಸಕ್ಕರೆಯನ್ನು ಶಕ್ತಿಯಾಗಿ ಮಾಡಿಕೊಳ್ಳುವ ಮುಖ್ಯ ಕಿಣ್ವಗಳು ಕೆಲಸ ಮಾಡಲು ಇದು ಬೇಕೇ ಬೇಕು. ಇದರ ಇನ್ನೊಂದು ಗುಣ 2005ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಕಂಡಿತು. ಭತ್ತ ಮತ್ತು ಕೆಲವು ತರಕಾರಿ ಗಿಡಗಳಿಗೆ ಥಯಾಮಿನ್ ಕೊಟ್ಟಾಗ ರೋಗ ತಡೆಯುವ ಗಿಡದ ಸ್ವಂತ ವ್ಯವಸ್ಥೆ ಎಚ್ಚೆತ್ತಿತು.

ಬಿ6, ಅಂದರೆ ಪಿರಿಡಾಕ್ಸಿನ್, ಸಿಂಗ್ಲೆಟ್ ಆಕ್ಸಿಜನ್ ಅನ್ನು ತಣಿಸುತ್ತದೆ. ಇದು ಗೊತ್ತಾದ ಬಗೆ ಚೆನ್ನಾಗಿದೆ. ಎಲೆ ಚುಕ್ಕೆ ರೋಗ ತರುವ ಸರ್ಕೋಸ್ಪೊರಾ ಎಂಬ ಶಿಲೀಂಧ್ರ ಬೆಳಕಿನಲ್ಲಿ ಸಿಂಗ್ಲೆಟ್ ಆಕ್ಸಿಜನ್ ಹುಟ್ಟಿಸುವ ವಿಷವನ್ನು ಬಿಡುತ್ತದೆ. ಆ ವಿಷ ಅದನ್ನೇ ಯಾಕೆ ಕೊಲ್ಲುವುದಿಲ್ಲ ಎಂದು ಹುಡುಕಿದಾಗ ಬಿ6 ತಯಾರಿಸುವ ಅದರ ಜೀನ್ ಸಿಕ್ಕಿತು. ಗಿಡದಲ್ಲೂ ಬಿ6 ಬಳಕೆಗೆ ಬೇಕಾದ ಒಂದು ಜೀನ್ ಕೆಟ್ಟರೆ ಅದು ಉಪ್ಪನ್ನು ತಡೆಯಲಾರದು. ಬಿ3, ಅಂದರೆ ನಿಕೋಟಿನಿಕ್ ಆಮ್ಲ ಅಥವಾ ನಿಕೋಟಿನಮೈಡ್, ಉಪ್ಪು ಮತ್ತು ಬರದ ಪ್ರಯೋಗಗಳಲ್ಲಿ ಆಗಾಗ ಕಾಣಿಸುತ್ತದೆ.

ಇ ವಿಟಮಿನ್ ಪೊರೆಯ ಕೊಬ್ಬನ್ನು ಕಾಯುತ್ತದೆ. ಆದರೆ ನೀರಿನಲ್ಲಿ ಕರಗುವುದಿಲ್ಲ. ಆಲ್ಕೋಹಾಲಿನಲ್ಲಿ ಕರಗಿಸಿ ಆಮೇಲೆ ನೀರಿಗೆ ಬೆರೆಸಬೇಕು. ಅದು ಸರಿಯಾಗಿ ಬೆರೆಯದಿದ್ದರೆ ಎಲೆಯ ಮೇಲೆ ಎಣ್ಣೆಯ ಚುಕ್ಕೆ ನಿಂತು ಬಿಸಿಲಿಗೆ ಸುಡುತ್ತದೆ. ಮನೆಯಲ್ಲಿ ಮಾಡುವವರಿಗೆ ಇದು ಬೇಡ. ಬಿ2, ಅಂದರೆ ರೈಬೋಫ್ಲೇವಿನ್, ಬೆಳಕಿಗೆ ಬೇಗ ಒಡೆದು ಹೋಗುತ್ತದೆ, ಅದನ್ನೂ ಬಿಡಬಹುದು.

ಬೇರು ಬೆಳೆಸುವ ಬಿ1 ಕತೆ

ಸಸಿ ನಾಟಿ ಮಾಡುವಾಗ ಬಿ1 ಹಾಕಿದರೆ ಬೇಗ ಬೇರು ಹಿಡಿಯುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಎಲ್ಲಿಂದ ಬಂತು ಎಂದು ತಿಳಿದರೆ ಒಳ್ಳೆಯದು, ಯಾಕೆಂದರೆ ಇಂದಿಗೂ ಇದರ ಹೆಸರಿನಲ್ಲಿ ಬಾಟಲಿಗಳು ಮಾರಾಟವಾಗುತ್ತವೆ.

1937ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಜೇಮ್ಸ್ ಬಾನರ್ ಬಟಾಣಿ ಬೇರಿನ ತುದಿಗಳನ್ನು ಕತ್ತರಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸುತ್ತಿದ್ದರು. ಬಿ1 ಸೇರಿಸಿದಾಗ ಬೇರು ಚೆನ್ನಾಗಿ ಬೆಳೆಯಿತು. ಸುದ್ದಿ ಹರಡಿತು, ತೋಟ ಮಾಡುವವರು ಬಿ1 ಹಿಂದೆ ಬಿದ್ದರು. ಕತ್ತರಿಸಿದ ಬೇರಿಗೆ ಎಲೆ ಇರುವುದಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಇಡೀ ಗಿಡದಲ್ಲಿ ಎಲೆಗಳೇ ಬಿ1 ತಯಾರಿಸಿ ಬೇರಿಗೆ ಕಳಿಸುತ್ತವೆ. ಎಲೆಯಿರುವ ಗಿಡಗಳ ಮೇಲೆ ಆಮೇಲೆ ನಡೆದ ಪರೀಕ್ಷೆಗಳಲ್ಲಿ ಆ ಲಾಭ ಕಾಣಲಿಲ್ಲ. ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ಚೂರನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವಾಗ, ಮಾತ್ರ ಬಿ1 ಇಂದಿಗೂ ಇದೆ. ಅದಕ್ಕೆ ಬಳಸುವ ಪೋಷಕ ಮಿಶ್ರಣವಾದ, 1962ರ ಪ್ರಸಿದ್ಧ ಮುರಾಶಿಗೆ ಮತ್ತು ಸ್ಕೂಗ್ ಮಾಧ್ಯಮದಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಥಯಾಮಿನ್ ಇರುತ್ತದೆ.

ಬಿ1 ಹೆಸರಿನ ಬೇರು ಟಾನಿಕ್ ಕೊಂಡರೆ ಲೇಬಲ್ ಪೂರ್ತಿ ಓದಿ. ಅದರಲ್ಲಿ ಬೇರು ಬರಿಸುವ ಆಕ್ಸಿನ್ ಹಾರ್ಮೋನ್ ಕೂಡ ಹಲವು ಸಲ ಇರುತ್ತದೆ. ಕೆಲಸ ಮಾಡಿದ್ದು ಅದು, ಹೆಸರು ಬಂದದ್ದು ಬಿ1ಗೆ. ನಾಟಿಯ ಹೊಡೆತಕ್ಕೆ ನನ್ನ ಉತ್ತರ ಬೇರೆ: ಸಂಜೆ ನೆಡಿ, ಬೇರಿನ ಮಣ್ಣು ಕಳಚದಂತೆ ನೋಡಿಕೊಳ್ಳಿ, ಕೆಲವು ದಿನ ನೆರಳು ಮಾಡಿ.

ಹಂತ 3: ಸರಿಯಾದ ಪುಡಿ ಆರಿಸಿ

ಶುದ್ಧ ಆಸ್ಕಾರ್ಬಿಕ್ ಆಮ್ಲದ ಬಿಳಿ ಪುಡಿ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ ಪುಡಿ ಹಳೆಯದು, ಬಿಡಿ. ಗುಳಿಗೆ ಬಳಸುವುದಾದರೆ ಬಣ್ಣ, ರುಚಿ, ಸಕ್ಕರೆ ಸೇರಿಸದ್ದನ್ನು ನೋಡಿ. ನೀರಿಗೆ ಹಾಕಿದರೆ ನೊರೆಯುಕ್ಕುವ ಗುಳಿಗೆ ಬೇಡ. ಅದರಲ್ಲಿ ಸೋಡಾ ಇರುತ್ತದೆ, ಜೊತೆಗೆ ಸೋಡಿಯಂ ಬರುತ್ತದೆ. ಉಪ್ಪಿನಿಂದ ಬಳಲುವ ಗಿಡಕ್ಕೆ ಮತ್ತೆ ಸೋಡಿಯಂ ಕೊಡುವುದರಲ್ಲಿ ಅರ್ಥವಿಲ್ಲ. ಇದೇ ಕಾರಣಕ್ಕೆ ಸೋಡಿಯಂ ಆಸ್ಕಾರ್ಬೇಟ್ ಕೂಡ ಬೇಡ.

ಎಲ್ಲ ಬಿ ವಿಟಮಿನ್ ಸೇರಿದ ಗುಳಿಗೆಯಲ್ಲಿ ಯಾವುದು ಎಷ್ಟಿದೆ ಎಂಬ ಲೆಕ್ಕ ಗಿಡಕ್ಕೆ ಹೊಂದುವುದಿಲ್ಲ. ಬಿ1 ಬೇಕಿದ್ದರೆ ಬಿ1 ಒಂದೇ ಇರುವ ಗುಳಿಗೆ ತನ್ನಿ.

ಹಂತ 4: ದ್ರಾವಣ ತಯಾರಿಸಿ

ಸಿ ವಿಟಮಿನ್ನನ್ನು ಸಂಶೋಧಕರು ಲೀಟರಿಗೆ 50ರಿಂದ 400 ಮಿಲಿಗ್ರಾಂವರೆಗೂ ಸಿಂಪಡಿಸಿ ನೋಡಿದ್ದಾರೆ. ಬಿ1 ಮತ್ತು ಬಿ3 ಸಾಮಾನ್ಯವಾಗಿ 50ರಿಂದ 200. ನೀವು ಸಿ, ಬಿ1 ಎರಡಕ್ಕೂ ಲೀಟರಿಗೆ 100 ಮಿಲಿಗ್ರಾಂನಿಂದ ಶುರು ಮಾಡಿ. ಎಳೆ ಸಸಿಗಳಿಗೆ 50 ಸಾಕು.

ಲೆಕ್ಕ ಸುಲಭ. 500 ಮಿಲಿಗ್ರಾಂ ಸಿ ಗುಳಿಗೆ ಒಂದಕ್ಕೆ 5 ಲೀಟರ್ ನೀರು. ಥಯಾಮಿನ್ 100 ಮಿಲಿಗ್ರಾಂ ಗುಳಿಗೆ ಒಂದಕ್ಕೆ 1 ಲೀಟರ್. ಪುಡಿಯಾದರೆ 1 ಗ್ರಾಂ ತೂಗಿ 1 ಲೀಟರ್ ನೀರಿನಲ್ಲಿ ಕರಗಿಸಿ. ಅದರಿಂದ 100 ಮಿಲಿಲೀಟರ್ ತೆಗೆದು 900 ಮಿಲಿಲೀಟರ್ ನೀರಿಗೆ ಸೇರಿಸಿದರೆ 100 ಮಿಲಿಗ್ರಾಂ ಪ್ರಮಾಣದ ಒಂದು ಲೀಟರ್ ಸಿಗುತ್ತದೆ. ಮಿಲಿಗ್ರಾಂ ತೂಗುವ ತಕ್ಕಡಿ ಇಲ್ಲದವರಿಗೆ ಈ ದಾರಿ ಒಳ್ಳೆಯದು. ಗುಳಿಗೆಯನ್ನು ನುಣ್ಣಗೆ ಪುಡಿ ಮಾಡಿ, ಕರಗದ ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ. ಇಲ್ಲದಿದ್ದರೆ ಸ್ಪ್ರೇಯರ್ ಮೂತಿ ಕಟ್ಟಿಕೊಳ್ಳುತ್ತದೆ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಅರ್ಧ ಸೋಲು ಇಲ್ಲೇ ಆಗುತ್ತದೆ. ಸಿ ವಿಟಮಿನ್ ಕ್ಷಾರದ ನೀರಿನಲ್ಲಿ ಬೇಗ ಹಾಳಾಗುತ್ತದೆ. ಬಿಸಿ ನೀರಿನಲ್ಲಿ, ಬಿಸಿಲಿನಲ್ಲಿ ಇನ್ನೂ ಬೇಗ. ತಾಮ್ರ ಅಥವಾ ಕಬ್ಬಿಣ ತಾಗಿದರೆ ಮತ್ತಷ್ಟು ಬೇಗ. ಹಾಗಾಗಿ ಪ್ಲಾಸ್ಟಿಕ್ ಬಕೆಟ್, ತಣ್ಣೀರು, ನೆರಳು. ತಾಮ್ರದ ಪಾತ್ರೆ, ತುಕ್ಕು ಹಿಡಿದ ಡಬ್ಬ ಎರಡೂ ಬೇಡ.

ಮಳೆನೀರು ಅಥವಾ ಫಿಲ್ಟರ್ ಮಾಡಿದ ಮೆದು ನೀರಾದರೆ 100 ಮಿಲಿಗ್ರಾಂ ಸಿ ಹಾಕಿದಾಗ ಪಿ.ಎಚ್. (ಹುಳಿ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಹುಳಿ) 3.5ರಿಂದ 4ರ ಹತ್ತಿರ ಇಳಿಯುತ್ತದೆ. ಎಳೆ ಎಲೆಗೆ ಇದು ಹುಳಿ ಜಾಸ್ತಿ. 5 ಲೀಟರಿಗೆ ಸುಮಾರು ಕಾಲು ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟ್ ಬೆರೆಸಿದರೆ 5.5ರ ಸುತ್ತ ಬರುತ್ತದೆ. ಗಡಸು ನೀರಾದರೆ ಅದೇ ಹುಳಿಯನ್ನು ತಗ್ಗಿಸುತ್ತದೆ, ಏನೂ ಸೇರಿಸಬೇಕಿಲ್ಲ. ತುಂಬ ಗಡಸಾಗಿ, ವಿಟಮಿನ್ ಹಾಕಿದ ಮೇಲೂ ಪಿ.ಎಚ್. 7 ದಾಟಿದ್ದರೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ ಇಳಿಸಿ. ಬಣ್ಣ ಬದಲಾಗುವ ಪಿ.ಎಚ್. ಪಟ್ಟಿ ಇಷ್ಟಕ್ಕೆ ಸಾಕು, 5.5ರಿಂದ 6.5ರ ನಡುವೆ ನಿಂತರೆ ಆಯಿತು.

ನಲ್ಲಿ ನೀರಿನ ಕ್ಲೋರಿನ್ ಬಗ್ಗೆ ಅನೇಕರು ಕೇಳುತ್ತಾರೆ. 1 ಭಾಗ ಕ್ಲೋರಿನ್ ಸುಮಾರು 2.5 ಭಾಗ ಸಿ ವಿಟಮಿನ್ನನ್ನು ತಿನ್ನುತ್ತದೆ. ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಇದ್ದರೂ ನಿಮ್ಮ 100ರಲ್ಲಿ 5 ಮಿಲಿಗ್ರಾಂ ಮಾತ್ರ ಹೋಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೇಣದ ಹೊಳಪಿರುವ ಎಲೆಗಳ ಮೇಲೆ ನೀರು ಜಾರಿ ಹೋಗುತ್ತದೆ. ಎಲೆಗೆ ಅಂಟಿಸುವ ದ್ರವವನ್ನು ಲೇಬಲ್‌ನಲ್ಲಿ ಹೇಳಿದಷ್ಟು ಬೆರೆಸಿ. ಬಟ್ಟೆ ಸೋಪು ಬೇಡ, ಅದು ಕ್ಷಾರ. ತಯಾರಿಸಿದ್ದನ್ನು ಅದೇ ದಿನ, ಆದಷ್ಟು ಒಂದೆರಡು ಗಂಟೆಯೊಳಗೆ ಬಳಸಿ. ಮಿಕ್ಕಿದ್ದನ್ನು ನಾಳೆಗೆ ಇಡಬೇಡಿ.

ಹಂತ 5: ಸಿಂಪಡಿಸುವ ಹೊತ್ತು

ಹವಾಮಾನ ಮುನ್ಸೂಚನೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಿಸಿಗಾಳಿ ಅಥವಾ ಚಳಿ ಬರುವ ಒಂದೆರಡು ದಿನ ಮೊದಲು ಸಿಂಪಡಿಸುವುದು ಒಳ್ಳೆಯ ಲೆಕ್ಕ. ಕಷ್ಟ ವಾರಗಟ್ಟಲೆ ನಡೆಯುವುದಾದರೆ 10ರಿಂದ 15 ದಿನಕ್ಕೊಮ್ಮೆ, ಎರಡು ಮೂರು ಸಲ.

ದಿನದಲ್ಲಿ ಬೆಳಗಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಆಗ ಎಲೆ ನೀರು ತುಂಬಿಕೊಂಡು ನಿಂತಿರುತ್ತದೆ, ಗಾಳಿ ತಂಪಾಗಿರುತ್ತದೆ, ಹನಿಗಳು ಬೇಗ ಒಣಗುವುದಿಲ್ಲ. ಹನಿ ಒಣಗಿದ ಮೇಲೆ ಒಳಗೆ ಹೋಗುವುದು ಬಹಳ ಕಡಿಮೆ. ಸಂಜೆಯೂ ಆದೀತು, ಆದರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ಶಿಲೀಂಧ್ರ ರೋಗಕ್ಕೆ ದಾರಿ. ನಡು ಮಧ್ಯಾಹ್ನ ಬೇಡವೇ ಬೇಡ. ಬಾಡಿದ ಗಿಡಕ್ಕೆ ಮೊದಲು ಬುಡಕ್ಕೆ ನೀರು ಕೊಡಿ, ಎಲೆ ಚೇತರಿಸಿಕೊಂಡು ಎದ್ದ ಮೇಲೆ, ಮಾರನೇ ಬೆಳಗ್ಗೆ ಸಿಂಪಡಿಸಿ.

ಮಂಜಿನಂತೆ ಸಣ್ಣ ಹನಿ ಬರುವಂತೆ ಮೂತಿ ತಿರುಗಿಸಿ. ಎಲೆಯ ಅಡಿಭಾಗ ಬಿಡಬೇಡಿ, ಹೆಚ್ಚಿನ ಗಿಡಗಳಲ್ಲಿ ರಂಧ್ರಗಳು ಅಲ್ಲೇ ಜಾಸ್ತಿ. ಹನಿ ಕೂಡಿ ಕೆಳಗೆ ಸುರಿಯಲು ಶುರುವಾದರೆ ಸಾಕಾಯಿತು ಎಂದು ಅರ್ಥ. ಹೊಸ ಗಿಡವಾದರೆ ಮೊದಲು ಎರಡು ಮೂರು ಎಲೆಗೆ ಮಾತ್ರ ಹಾಕಿ, ಎರಡು ದಿನ ಕಾಯಿರಿ.

ಬೀಜಕ್ಕೂ ಕೊಡಬಹುದು

ಉಪ್ಪು ಅಥವಾ ಬರದ ನೆಲದಲ್ಲಿ ಬಿತ್ತುವವರಿಗೆ ಎಲೆಗಿಂತ ಬೀಜವೇ ಒಳ್ಳೆಯ ಜಾಗ ಎಂದು ನನಗನ್ನಿಸುತ್ತದೆ. ಸ್ವಲ್ಪ ದ್ರಾವಣ ಸಾಕು, ಮೊಳಕೆ ಎಂಬ ಅತಿ ಸೂಕ್ಷ್ಮ ಹೊತ್ತಿಗೆ ನೇರ ಸಹಾಯ. ಲೀಟರಿಗೆ 50ರಿಂದ 100 ಮಿಲಿಗ್ರಾಂ ಸಿ ಅಥವಾ ಬಿ1 ದ್ರಾವಣದಲ್ಲಿ ಬೀಜವನ್ನು 6ರಿಂದ 12 ಗಂಟೆ ನೆನೆಸಿ. ಆಗಾಗ ಕಲಕಿ, ಬೀಜಕ್ಕೆ ಗಾಳಿ ಬೇಕು. ಆಮೇಲೆ ನೆರಳಿನಲ್ಲಿ, ನೆನೆಸುವ ಮೊದಲಿದ್ದ ತೂಕಕ್ಕೆ ಬರುವ ತನಕ ಒಣಗಿಸಿ. ಹುರುಳಿಕಾಯಿ, ಸೋಯಾದಂಥ ಬೇಳೆಯಾಗುವ ಬೀಜಗಳು ನೀರನ್ನು ಸರಸರನೆ ಹೀರಿ ಒಳಗೆ ಬಿರುಕು ಬಿಡುತ್ತವೆ. ಅವನ್ನು ಇಷ್ಟು ಹೊತ್ತು ನೆನೆಸಬೇಡಿ. ನೆನೆಸಿ ಒಣಗಿಸಿದ ಬೀಜ ಜಾಸ್ತಿ ದಿನ ಬಾಳುವುದಿಲ್ಲ, ಬೇಗ ಬಿತ್ತಿ.

ಮಣ್ಣಿಗೆ ಸುರಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ವಿಟಮಿನ್ನನ್ನು ತಿಂದು ಮುಗಿಸುತ್ತವೆ, ಮಣ್ಣಿನ ಕಬ್ಬಿಣ ಸಿ ವಿಟಮಿನ್ನನ್ನು ಬೇಗ ಹಾಳು ಮಾಡುತ್ತದೆ. ಮಣ್ಣಿಲ್ಲದ ಕೃಷಿಯ ನೀರಿನ ತೊಟ್ಟಿಗೂ ಅದೇ ಮಾತು. ಅಲ್ಲಿ ಕಬ್ಬಿಣ, ತಾಮ್ರ ಎರಡೂ ಕರಗಿರುತ್ತವೆ.

ಯಾವುದರ ಜೊತೆ ಬೆರೆಸಬಾರದು?

ತಾಮ್ರದ ಶಿಲೀಂಧ್ರನಾಶಕ, ಬೋರ್ಡೋ ದ್ರಾವಣ, ಸುಣ್ಣ, ಕಬ್ಬಿಣದ ಸಲ್ಫೇಟ್, ಹೈಡ್ರೋಜನ್ ಪೆರಾಕ್ಸೈಡ್. ಇವುಗಳ ಜೊತೆ ಸಿ ವಿಟಮಿನ್ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಕಬ್ಬಿಣ ಮತ್ತು ತಾಮ್ರದ ಜೊತೆ ಸೇರಿದಾಗ ಸಿ ವಿಟಮಿನ್ ತಾನೇ ಉರಿಯುವ ಅಣುಗಳನ್ನು ಹುಟ್ಟಿಸಬಲ್ಲದು. ಕಾಯಲು ಹೋಗಿ ಸುಟ್ಟಂತಾಗುತ್ತದೆ. ತಾಮ್ರ ಸಿಂಪಡಿಸಿದ್ದರೆ ಕನಿಷ್ಠ ಒಂದು ವಾರ ಬಿಡಿ, ಪಂಪನ್ನೂ ಚೆನ್ನಾಗಿ ತೊಳೆಯಿರಿ.

ಹಂತ 6: ಕೆಲಸ ಮಾಡಿತೋ ಇಲ್ಲವೋ ನೋಡಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನಗೆ ಬೇಸರ ತರುವುದು ಇದೇ. ಸಿಂಪಡಿಸಿದ ಮಾರನೇ ದಿನ ಗಿಡ ಚುರುಕಾಗಿ ಕಂಡರೆ ವಿಟಮಿನ್ನಿಗೆ ಹೆಸರು ಕೊಡುತ್ತೇವೆ. ಆದರೆ ಬೆಳಗ್ಗೆ ಎಲೆಯ ಮೇಲೆ ಬಿದ್ದ ತಣ್ಣೀರೇ ಆ ಕೆಲಸ ಮಾಡಿರಬಹುದು.

ಒಂದೇ ವಯಸ್ಸಿನ, ಒಂದೇ ಜಾಗದ ಗಿಡಗಳನ್ನು ಮೂರು ಗುಂಪು ಮಾಡಿ. ಒಂದಕ್ಕೆ ವಿಟಮಿನ್ ದ್ರಾವಣ. ಇನ್ನೊಂದಕ್ಕೆ ಅದೇ ಹೊತ್ತಿಗೆ, ಅಷ್ಟೇ ಪ್ರಮಾಣದ ಬರೀ ನೀರು. ಅಂಟಿಸುವ ದ್ರವ ಹಾಕಿದ್ದರೆ ಈ ನೀರಿಗೂ ಹಾಕಿ. ಮೂರನೆಯದಕ್ಕೆ ಏನೂ ಬೇಡ. ಗುಂಪಿಗೆ ಐದಾರು ಗಿಡವಾದರೂ ಇರಲಿ, ರೆಂಬೆಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ.

ಏನು ನೋಡಬೇಕು? ಮಧ್ಯಾಹ್ನ ಬಾಡಿದ ಎಲೆ ಸಂಜೆ ಎಷ್ಟು ಬೇಗ ಎದ್ದು ನಿಲ್ಲುತ್ತದೆ. ಎಲೆಯ ಅಂಚು ಎಷ್ಟು ಸುಟ್ಟಿದೆ. ಎಷ್ಟು ಹೂವು ಉದುರಿತು. ಮುಖ್ಯವಾಗಿ ಹೊಸ ಚಿಗುರಿನ ಬಣ್ಣ ಮತ್ತು ಗಾತ್ರ. ಹಳೆಯ ಸುಟ್ಟ ಎಲೆಯನ್ನು ನೋಡುತ್ತಾ ಕೂರಬೇಡಿ, ಅದು ಹಾಗೆಯೇ ಇರುತ್ತದೆ. ಎರಡು ಮೂರು ವಾರ ಒಂದೇ ಹೊತ್ತಿಗೆ, ಒಂದೇ ಕೋನದಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಹೋಲಿಸಲು ಸುಲಭ.

ವಿಟಮಿನ್ ಗುಂಪು ಬರೀ ನೀರಿನ ಗುಂಪಿಗಿಂತ ಚೆನ್ನಾಗಿದ್ದರೆ ಮುಂದುವರಿಸಿ. ಎರಡೂ ಒಂದೇ ತರಹ ಇದ್ದರೆ ಪ್ರಮಾಣವನ್ನು 200 ಮಿಲಿಗ್ರಾಂಗೆ ಏರಿಸಿ ಇನ್ನೊಮ್ಮೆ ನೋಡಿ. ಆಗಲೂ ವ್ಯತ್ಯಾಸ ಇಲ್ಲದಿದ್ದರೆ ನಿಮ್ಮ ಗಿಡಕ್ಕೆ ಬೇಕಿರುವುದು ವಿಟಮಿನ್ ಅಲ್ಲ. ಆ ಖರ್ಚನ್ನು ನೆರಳುಬಲೆಗೋ ಬುಡದ ಹೊದಿಕೆಗೋ ಹಾಕಿ. ಎಲೆ ತುದಿ ಕಂದಾದರೆ, ಚಿಗುರು ಮುರುಟಿದರೆ ಕೂಡಲೇ ನಿಲ್ಲಿಸಿ, ಬರೀ ನೀರಿನಿಂದ ಎಲೆ ತೊಳೆಯಿರಿ. ಹವೆ ತಣ್ಣಗಾಗಿ ಮಳೆ ಶುರುವಾದ ಮೇಲೂ ಸಿಂಪಡಿಸುವುದು ಬೇಡ, ಅಷ್ಟರಲ್ಲಿ ಗಿಡ ತನಗೆ ಬೇಕಾದ ವಿಟಮಿನ್ನನ್ನು ತಾನೇ ಮಾಡಿಕೊಳ್ಳುತ್ತಿರುತ್ತದೆ.